ಎರಡು ಹೆಸರು, ಒಂದೇ ದನಿ

ಒಂದು ಹಾಡು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನದು, ಇನ್ನೊಂದು ನಾಲ್ಕು ನಿಮಿಷ ಹದಿನಾಲ್ಕು. ಆ ಎರಡು ಸೆಕೆಂಡಿನ ಅಂತರ ನೋಡಿಯೂ ಮೊದಲನೆಯದನ್ನು ಕೇಳದೆ ಅಳಿಸಿದೆ. ಅದು ತಪ್ಪು. ಆದರೆ ಇಷ್ಟು ವರ್ಷ ನಾನು ಮುಚ್ಚಿಟ್ಟುಕೊಂಡದ್ದು ಅದೊಂದನ್ನೇ ಅಲ್ಲ — ಒಬ್ಬಳಿಗೆ ಬೇರೆ ಯಾರದೋ ದನಿ ಕೇಳಿಸಿ, ಇದು ನಿಮ್ಮ ತಾಯಿಯದು ಎಂದು ಹೇಳಿದ್ದನ್ನೂ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಎಂ.ಎ. ಮುಗಿಸಿ ಜೇವರ್ಗಿಯಲ್ಲಿ ಕೆಲಸಕ್ಕೆ ಸೇರಿದ್ದೆ. ನಿವೃತ್ತ ಮಾಸ್ತರರೊಬ್ಬರು ಎಪ್ಪತ್ತರ ದಶಕದಿಂದಲೂ ಆಳಂದ, ಅಫಜಲಪುರ, ಜೇವರ್ಗಿಯ ಊರೂರು ತಿರುಗಿ ಹೆಂಗಸರ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ಅವನ್ನು ಕಂಪ್ಯೂಟರಿಗೆ ಇಳಿಸಿ ಪಟ್ಟಿ ಮಾಡುವುದು ನನ್ನ ಪಾಲಿನ ಕೆಲಸ. ಪಟ್ಟಿ ಕಂಪ್ಯೂಟರಿನೊಳಗೆ, ಹಾಡುಗಳು ಮಾತ್ರ ಕೇಬಲ್ಲಿನಿಂದ ಜೋಡಿಸಿದ ಹೊರಗಿನ ಡಿಸ್ಕಿನಲ್ಲಿ — ಇಟ್ಟಿಗೆಯಷ್ಟು ದೊಡ್ಡದಾದ, ಬೇಗ ಬಿಸಿಯಾಗುವ ಪೆಟ್ಟಿಗೆ. ಪಟ್ಟಿಯ ಒಂದು ಸಾಲನ್ನು ಒತ್ತಿದರೆ ಆ ಸಾಲಿಗೆ ನಾವು ಜೋಡಿಸಿದ ದನಿ ಬರುತ್ತದೆ. ಜೋಡಿಸಿದ್ದು ಸರಿಯೇ ಎಂದು ಯಂತ್ರ ಕೇಳುವುದಿಲ್ಲ.

ಡಿಸ್ಕಿಗೆ ಇಳಿಸಿದ ಕ್ಯಾಸೆಟ್ಟಿನ ಮೇಲೆಯೇ ಮಾಸ್ತರರು ಹೊಸ ಹಾಡು ತುಂಬುತ್ತಿದ್ದರು. ಹಾಗಾಗಿ ಡಿಸ್ಕಿನಲ್ಲಿ ಇಲ್ಲದ್ದು ಇನ್ನೆಲ್ಲೂ ಇಲ್ಲ. ಅವರು ನನಗೆ ಹಾಕಿಕೊಟ್ಟ ನಿಯಮ ಒಂದೇ: ಏನನ್ನು ತೆಗೆಯುವುದಿದ್ದರೂ ಕೊನೆಯವರೆಗೆ ಕೇಳಬೇಕು, ರಜಿಸ್ಟರಿನಲ್ಲಿ 'ಕೇಳಿ ಅಳಿಸಿದೆ' ಎಂದು ಬರೆಯಬೇಕು.

ಒಂದು ದಿನ ಡಿಸ್ಕು ತುಂಬಿತು. ಪಟ್ಟಿಯಲ್ಲಿ ಎರಡು ಸಾಲು ಕಣ್ಣಿಗೆ ಬಿದ್ದವು. 'ಇಜೇರಿ, ಬೀಸುವ ಪದ, ಶರಣಮ್ಮ–ಭಾಗಮ್ಮ.' ಅದರ ಕೆಳಗೆ 'ಇಜೇರಿ, ಬೀಸುವ ಪದ, ಭಾಗಮ್ಮ–ಶರಣಮ್ಮ.' ಅದೇ ಊರು, ಅದೇ ಪದ, ಅವರೇ ಇಬ್ಬರು. ಒಂದನ್ನೇ ಎರಡು ಸಲ ಇಳಿಸಿದ್ದೇನೆ ಅಂದುಕೊಂಡೆ. ಮೊದಲನೆಯದನ್ನು ಅಳಿಸಿ, ಎರಡೂ ಸಾಲುಗಳನ್ನು ಉಳಿದ ದನಿಗೇ ಜೋಡಿಸಿ, ರಜಿಸ್ಟರಿನಲ್ಲಿ ಬರೆದೆ — ಕೇಳಿ ಅಳಿಸಿದೆ. ಊಟದ ಹೊತ್ತಾಗಿತ್ತು — ಇಲ್ಲ, ಅದು ಕಾರಣವಲ್ಲ. ನನ್ನ ಮೇಲೆ ನನಗೆ ಅಷ್ಟು ಭರವಸೆ ಇತ್ತು.

ಮೂರು ತಿಂಗಳ ಮೇಲೆ ಮಹಾದೇವಿ ಬಂದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಅಫಜಲಪುರಕ್ಕೆ ಕೊಟ್ಟಿದ್ದರು. ಶರಣಮ್ಮ ಅವಳ ತಾಯಿ. ಹಾಡು ಹಿಡಿದ ಮರುವರ್ಷವೇ ತೀರಿಕೊಂಡಿದ್ದಳು. ಕೂಸನ್ನು ಸೋದರಮಾವ ಆಳಂದಕ್ಕೆ ಒಯ್ದು ಸಾಕಿದ್ದ. ತಾಯಿಯದೊಂದು ಫೋಟೋ ಕೂಡ ಇರಲಿಲ್ಲ. ಜೇವರ್ಗಿಯಲ್ಲಿ ದನಿ ಇದೆ ಎಂದು ಯಾರೋ ಹೇಳಿದರಂತೆ, ಬಸ್ಸು ಹಿಡಿದು ಬಂದಿದ್ದಳು.

ಮೊದಲಿನ ಪದ ಹಾಕು, ಅದರಲ್ಲಿ ಶರಣಮ್ಮ ಹಾಡಿದ್ದಾಳೆ ಎಂದರು ಮಾಸ್ತರರು. ಎರಡೂ ಒಂದೇ ಅಲ್ಲವೇ ಎಂದು ಕೇಳಿದೆ. ಅವರು ನಕ್ಕರು.

"ಎಂ.ಎ. ಆತು, ಬೀಸೂದೊಂದು ಉಳೀತು ನೋಡವ್ವ ನಿಂದು. ಕಲ್ಲಿಗಿ ಇಬ್ಬರು ಕೂಡ್ತಾರ. ಮೊದಲ ಹೆಸರಿನಾಕಿ ಹಾಡ್ತಾಳ, ಎರಡನೇದಾಕಿ ಬರೇ ಸಾಲಿನ ತುದಿ ಹಿಡೀತಾಳ. ರಟ್ಟಿ ಸೋತ್ವು ಅಂದ್ರ ಪಾಳಿ ಬದಲಿ."

ಅಂದೋಲಾ ಮಠದಲ್ಲಿ ಅವರಿಗೆ ಕೆಲಸವಿತ್ತು. ನಾಳೆ ಬಂದು ತಾವೂ ಕೇಳುವುದಾಗಿ ಹೇಳಿ ಹೊರಟರು.

ನಮ್ಮ ಮನೆಗೆ ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಹೆಸರಿನ ಹಿಂದುಮುಂದಿಗೆ ಅರ್ಥವಿದೆ ಎಂದು ನನಗೆ ತಿಳಿದಿರಲಿಲ್ಲ. ತಿಳಿದ ಆ ಗಳಿಗೆಯಲ್ಲೇ ಹೇಳಬಹುದಿತ್ತು. ಅವಳು ಎದುರಿಗೇ ಕೂತಿದ್ದಳು — ನಾನು 'ಶರಣಮ್ಮ–ಭಾಗಮ್ಮ' ಎಂಬ ಸಾಲನ್ನು ಒತ್ತಿದೆ. ಭಾಗಮ್ಮ ಹಾಡಿದಳು.

ತುಂಬು ದನಿ, ಅದರ ಹಿಂದೆ ಕಲ್ಲಿನ ಸದ್ದು. ಪ್ರತಿ ಸಾಲಿನ ತುದಿಗೆ ಇನ್ನೊಂದು ಸಣ್ಣ ದನಿ ಬಂದು ಸೇರುತ್ತಿತ್ತು. ಅದು ಶರಣಮ್ಮನದು. ಮಹಾದೇವಿ ದೊಡ್ಡ ದನಿಯನ್ನೇ ಕೇಳುತ್ತಿದ್ದಳು. ಹಾಡು ಮುಗಿಯುವ ಮೊದಲೇ ಕರೆಂಟು ಹೋಯಿತು. ಅವಳು ನನ್ನ ಕಡೆ ತಿರುಗಿದಳು.

"ನಂಗ ಅವ್ವನ ದನಿ ನೆನಪಿಲ್ರಿ ಅಕ್ಕೋರ. ನೀವು ಇದಽ ಅಂದ್ರ, ಇದಽ."

"ಇದಽ ರಿ" ಅಂದೆ.

ತನ್ನ ದನಿಗೆ ಹೋಲುತ್ತದೆಯೇ ಎಂದು ಕೇಳಿದಳು. ಹೋಲುತ್ತದೆ ಅಂದೆ — ಅದು ಇನ್ನೂ ಸಲೀಸಾಗಿ ಬಂತು. ಕ್ಯಾಸೆಟ್ಟಿಗೆ ಹಾಕಿ ನಾಳೆ ಅಫಜಲಪುರದ ಬಸ್ಸಿಗೆ ಕೊಡುತ್ತೇನೆಂದು ಹೇಳಿ ಕಳಿಸಿದೆ.

ಕೆಲಸ ಹೋಗುವ ಭಯ ನನಗಿರಲಿಲ್ಲ. ಈಕೆಯ ಕೆಲಸದಲ್ಲಿ ಒಂದು ತಪ್ಪು ತೋರಿಸಿ ಎಂದು ಮಾಸ್ತರರು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆ ಮಾತು ನನಗೆ ಬೇಕಾಗಿತ್ತು. ಅಷ್ಟೇ.

ಈಗ ಮಹಾದೇವಿಗೆ ಕಾಗದ ಬರೆದಿದ್ದೇನೆ. ಸಾಲಿನ ತುದಿಗೆ ಬರುವ ಸಣ್ಣ ದನಿ ನಿಮ್ಮ ತಾಯಿಯದು ಎಂದು ತಿಳಿಸಿದ್ದೇನೆ. ಇನ್ನೊಂದು ಸಂಗತಿಯನ್ನೂ ತಿಳಿಸಿದ್ದೇನೆ. ಅದನ್ನು ಬಿಟ್ಟರೆ ಇಲ್ಲಿ ಬರೆದದ್ದೂ ಸುಳ್ಳೇ ಆಗುತ್ತದೆ.

ಮರುದಿನ ಬೆಳಿಗ್ಗೆ ಮಾಸ್ತರರಿಗಿಂತ ಮೊದಲೇ ಹೋಗಿ ಆ ಹಾಡನ್ನು ಮೊಟ್ಟಮೊದಲ ಸಲ ಕೊನೆಯವರೆಗೆ ಕೇಳಿದೆ. ಪದ ಮುಗಿದು ಕಲ್ಲು ನಿಂತ ಮೇಲೆ, ಮಾಸ್ತರರ ಪ್ರಾಯದ ದನಿ — ಈ ಸಲ ಯಾಕೆ ಗಟ್ಟಿಯಾಗಿ ಹಾಡಲಿಲ್ಲ ಶರಣಮ್ಮ ಎಂದು ಕೇಳುತ್ತದೆ. ಸಣ್ಣ ದನಿ ನಗುತ್ತ ಉತ್ತರ ಕೊಡುತ್ತದೆ.

"ನನ್ನ ಪಾಳಿ ಮುಗೀತ್ರಿ ಮಾಸ್ತರ, ಇದು ಭಾಗವ್ವಂದು. ಸಾವಕಾಶ ಮಾತಾಡ್ರಿ, ನಮ್ಮ ಮಾದೇವಿ ಮಲಗ್ಯಾಳ."

ಒಟ್ಟು ಹನ್ನೊಂದು ಸೆಕೆಂಡು. ಅದು ಉಳಿದಿದ್ದರೆ, ಕೇಳಿದವರಿಗೆಲ್ಲ ಹಾಡಿದವಳು ಯಾರೆಂದು ತಿಳಿಯುತ್ತಿತ್ತು. ಇನ್ನೊಮ್ಮೆ ಕೇಳಿದೆ. ಆಮೇಲೆ ಆ ಹನ್ನೊಂದು ಸೆಕೆಂಡನ್ನು ಡಿಸ್ಕಿನಿಂದ ತೆಗೆದೆ. ಉಳಿದದ್ದನ್ನು ಕ್ಯಾಸೆಟ್ಟಿಗೆ ಹಾಕಿ, ಮೇಲೆ ದುಂಡಗೆ 'ಶರಣಮ್ಮ' ಎಂದು ಬರೆದು, ಕಂಡಕ್ಟರ್ ಕೈಗೆ ಕೊಟ್ಟು ಬಂದೆ. ಬಂದು ರಜಿಸ್ಟರ್ ತೆರೆದು ಬರೆದೆ: 'ಇಜೇರಿ, ಹನ್ನೊಂದು ಸೆಕೆಂಡು, ಹಾಡಲ್ಲದ ಮಾತು — ಕೇಳಿ ಅಳಿಸಿದೆ.'