ಹಾಡಿದ್ದು ನಾನು, ಮೇಷ್ಟ್ರೇ

ಸಫೇದ ಅನ್ನುವ ಬಿಳಿ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ಒಂದು ವಾಸನೆ ಬರುತ್ತದೆ. ನಾಟಕದವರು ಮೊದಲು ಮುಖಕ್ಕೆ ಬಳಿಯುವುದು ಅದನ್ನೇ. ಹೋದ ತಿಂಗಳು ಶ್ರೀನಿವಾಸಪುರದಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದಾಗ, ಬಣ್ಣ ಹಚ್ಚುವ ಕೋಣೆಯ ಬಾಗಿಲಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಒಳಗೆ ಗಂಡುಮಕ್ಕಳೆಲ್ಲ ಹುಲಿ, ಹೆಣ್ಣುಮಕ್ಕಳೆಲ್ಲ ಚಿಟ್ಟೆ. ಐದು ವರ್ಷದ ನನ್ನ ಮಗಳು ತನಗೆ ಹುಲಿಯೇ ಬೇಕು ಅಂತ ಕಾಲು ಕುಟ್ಟುತ್ತಿದ್ದಳು. ಬಣ್ಣದವನು ನಗುತ್ತಾ, ಹೆಣ್ಣುಮಕ್ಕಳು ಗರ್ಜಿಸಿದರೆ ಚೆನ್ನಾಗಿರಲ್ಲ ಪುಟ್ಟಿ ಅಂದ. ನಾನು ಅವನ ಮೇಲೆ ಹರಿಹಾಯ್ದೆ. ಅವನು ಬಾಯಿ ಮುಚ್ಚಿಕೊಂಡು ಹುಲಿಯ ಪಟ್ಟೆ ಬರೆದ. ಅಲ್ಲಿದ್ದ ತಾಯಂದಿರು ನನಗೇನೋ ಹಿಡಿದಿದೆ ಅನ್ನುವಂತೆ ನೋಡಿದರು. ಹಿಡಿದದ್ದು ನಿಜ. ನನಗೆ ಆ ಹೊತ್ತಿಗೆ ಕಾಣುತ್ತಿದ್ದದ್ದು ಆ ಬಣ್ಣದವನಲ್ಲ, ನಮ್ಮೂರಿನ ನಾಟಕದ ಮೇಷ್ಟ್ರು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ. ಬದುಕಿದ್ದಾಗ ಕೆಟ್ಟದ್ದು ಮಾಡಬೇಡಿ ಅಂತ ಅವರಿಗೂ ಯಾರಾದರೂ ಹೇಳಿದ್ದರೆ, ನಾನು ಈಗ ಸುಮ್ಮನೆ ಇರುತ್ತಿದ್ದೆ.

ನಮ್ಮೂರು ಗೌನಿಪಲ್ಲಿಯ ಆಚೆ, ಆಂಧ್ರದ ಗಡಿಯ ಕಡೆಗಿದೆ. ಅಪ್ಪ ಅಮ್ಮ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದರು. ನಾನು ಊರಲ್ಲಿ ಅಜ್ಜಿಯ ಜೊತೆ ಬೆಳೆದೆ. ರಾಗಿ ಒಕ್ಕಣೆ ಮುಗಿದು ಮಾವು ಹೂ ಬಿಡುವ ಹೊತ್ತಿಗೆ ಊರಿನ ಗಂಡಸರು ಕೇಳಿಕೆ ಆಡುತ್ತಿದ್ದರು. ಕೇಳಿಕೆ ಅಂದರೆ ನಮ್ಮ ಕಡೆಯ ಬಯಲು ನಾಟಕ. ಅರ್ಧ ತೆಲುಗು, ಅರ್ಧ ಕನ್ನಡ. ರಾಜ, ರಾಣಿ, ರಾಕ್ಷಸ, ಎಲ್ಲರೂ ಗಂಡಸರೇ. ಹಗಲು ಹೊಲದಲ್ಲಿ ಗುದ್ದಲಿ ಹಿಡಿದವರು ಸಂಜೆ ಕಣದಲ್ಲಿ ಸೇರಿ ಪದ್ಯ ಕಲಿಯುತ್ತಿದ್ದರು. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಕಲಿಸುತ್ತಿದ್ದರು.

ಅವರು ವಯಸ್ಸಿನಲ್ಲಿ ರಾಣಿಯ ಪಾತ್ರ ಮಾಡುತ್ತಿದ್ದವರಂತೆ. ಸೀರೆ ಉಟ್ಟು, ಜಡೆ ಕಟ್ಟಿ, ಸೊಂಟಕ್ಕೆ ಡಾಬು ಬಿಗಿದು, ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ಬಂದರೆ ಊರಿನ ಹೆಂಗಸರೇ ನಾಚಬೇಕಿತ್ತು ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಅವರಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗಂಡಸು ಹೆಣ್ಣಾದರೆ ಅದು ವಿದ್ಯೆ. ಹೆಣ್ಣುಮಗು ಕೋಲು ಹಿಡಿದು ರಾಜನ ಹಾಗೆ ನಡೆದರೆ ಮಾತ್ರ ಗಂಡುಬೀರಿ. ಹೇಳೋದು ಶಾಸ್ತ್ರ, ಹಾಕೋದು ಗಾಳ ಅನ್ನುವ ಗಾದೆಗೆ ನಮ್ಮೂರಲ್ಲಿ ಬೇರೆ ಉದಾಹರಣೆ ಬೇಕಿರಲಿಲ್ಲ.

ನನಗೆ ಆಗ ಏಳು ವರ್ಷ. ದಿನಾ ಸಂಜೆ ಕಣದ ಪಕ್ಕದ ರಾಗಿಹುಲ್ಲಿನ ಮೆದೆಗೆ ಒರಗಿ ಕೂತು ತಾಲೀಮು ಕೇಳುತ್ತಿದ್ದೆ. ಆ ವರ್ಷದ ಆಟದಲ್ಲಿ ಒಬ್ಬ ಬಾಲಕನ ಪಾತ್ರವಿತ್ತು. ತುಂಬಿದ ಸಭೆಯಲ್ಲಿ ಎದ್ದು ನಿಂತು, ನೀನು ಮಾಡಿದ್ದು ಅನ್ಯಾಯ ಅಂತ ತಂದೆಗೇ ಹೇಳುವ ರಾಜಕುಮಾರ. ಕೊನೆಯ ಪದ್ಯದಲ್ಲಿ ದನಿ ಏರುತ್ತಾ ಏರುತ್ತಾ ಹೋಗಿ, ಮೇಲೆ ನಿಂತೇಬಿಡಬೇಕು. ನನಗೆ ಆ ಪದ್ಯದ ಹುಚ್ಚು ಹಿಡಿಯಿತು. ದನ ಮೇಯಿಸುವಾಗ ಅದೇ, ನೀರು ಸೇದುವಾಗ ಅದೇ. ಅಜ್ಜಿ ಬೈಯಲಿಲ್ಲ. ಕೆಲಸ ಬಿಟ್ಟು ಕೇಳುತ್ತಾ ನಿಲ್ಲುತ್ತಿದ್ದಳು.

ಆ ಪಾತ್ರ ಮೇಷ್ಟ್ರ ಮೊಮ್ಮಗನಿಗೆ ಸಿಕ್ಕಿತ್ತು. ನನ್ನ ತರಗತಿಯವನೇ. ಆ ಪಾಪದವನಿಗೆ ಹಾಡೆಂದರೆ ಆಗುತ್ತಿರಲಿಲ್ಲ. ಅವನ ಆಸೆಯೆಲ್ಲ ನಮ್ಮ ಜೊತೆ ಅಡುಗೆ ಆಟ ಆಡುವುದರಲ್ಲಿ. ಮಣ್ಣಿನಲ್ಲಿ ಅವನು ಕಟ್ಟುತ್ತಿದ್ದ ಮುದ್ದೆಯಷ್ಟು ಗುಂಡಗೆ ನಮ್ಮ ಯಾರ ಕೈಯಲ್ಲೂ ಬರುತ್ತಿರಲಿಲ್ಲ. ಅವನು ಹಾಗೆ ಕೂತಿದ್ದನ್ನು ಒಮ್ಮೆ ನೋಡಿದ ಮೇಷ್ಟ್ರು ಕಿವಿ ಹಿಂಡಿ ಎಬ್ಬಿಸಿಕೊಂಡು ಹೋದರು. ಒಂದು ಕಾಲದಲ್ಲಿ ಜಡೆ ಕಟ್ಟಿ ಕುಣಿದ ಮನುಷ್ಯನಿಗೆ ಮೊಮ್ಮಗ ಮಣ್ಣಿನ ಮುದ್ದೆ ಕಟ್ಟಿದ್ದು ಸಹಿಸಲಾಗಲಿಲ್ಲ.

ತಾಲೀಮಿನಲ್ಲಿ ಅವನು ಸಾಲು ಮರೆತಾಗ ನಾನು ಮೆದೆಯ ಹತ್ತಿರದಿಂದಲೇ ಹೇಳಿಕೊಡುತ್ತಿದ್ದೆ. ಮೊದಲು ಮೇಷ್ಟ್ರಿಗೆ ಅದು ಅನುಕೂಲವೇ ಆಯಿತು. ಹತ್ತಿರ ಕರೆದು, ಅವನಿಗೆ ಬಾಯಿಗೆ ಬರುವವರೆಗೂ ಹೇಳಿಸು ಅಂತ ನನ್ನನ್ನೇ ಕೂರಿಸಿದರು. ಒಂದು ದಿನ ಧೈರ್ಯ ಮಾಡಿ, ಆ ಪಾತ್ರ ನಾನೇ ಮಾಡಲಾ ಅಂತ ಕೇಳಿದೆ. ಅವರು ಹಾರ್ಮೋನಿಯಂ ನಿಲ್ಲಿಸಿ ಎಲ್ಲರ ಕಡೆ ತಿರುಗಿ, ಇವಳಿಗೆ ಮೀಸೆ ಬೇಕಂತೆ ಕಣ್ರಪ್ಪ ಅಂದರು. ಕಣದಲ್ಲಿದ್ದ ಗಂಡಸರೆಲ್ಲ ನಕ್ಕರು. ಆ ನಗು ನನಗೆ ಇವತ್ತಿಗೂ ಕೇಳಿಸುತ್ತದೆ...

ಆಟದ ದಿನ ಮೊಮ್ಮಗನಿಗೆ ಕೆಂಡದಂಥ ಜ್ವರ. ಸುತ್ತಲ ಊರುಗಳಿಗೆಲ್ಲ ಸುದ್ದಿ ಹೋಗಿತ್ತು, ಜನ ಬರತೊಡಗಿದ್ದರು. ಮೇಷ್ಟ್ರು ಹಿತ್ತಿಲ ಬಾಗಿಲಿನಿಂದ ನಮ್ಮ ಮನೆಗೆ ಬಂದರು. ಊರಲ್ಲಿ ಎದೆಯುಬ್ಬಿಸಿ ನಡೆಯುತ್ತಿದ್ದವರು ಅವತ್ತು ಅಜ್ಜಿಯ ಮುಂದೆ ಕೈ ಮುಗಿದರು. ಇದೊಂದು ಸಲ ಮಾನ ಉಳಿಸಿದರೆ ನನ್ನನ್ನೂ ತಾಲೀಮಿಗೆ ಸೇರಿಸಿಕೊಂಡು ಹಾಡು, ಹಾರ್ಮೋನಿಯಂ ಎಲ್ಲ ಕಲಿಸುತ್ತೇನೆ ಅಂತ ದೀಪದ ಮುಂದೆ ಮಾತು ಕೊಟ್ಟರು. ಅಜ್ಜಿ ನನ್ನ ಮುಖ ನೋಡಿದಳು. ನಾನಾಗಲೇ ಎದ್ದು ನಿಂತಿದ್ದೆ.

ಶಾಲೆಯ ಕೋಣೆಯೇ ಬಣ್ಣದ ಮನೆ. ನನ್ನನ್ನು ಕಂಬಳಿ ಹೊದಿಸಿ ಕರೆದೊಯ್ದು, ಮೊಮ್ಮಗನಿಗೆ ಗಂಟಲು ಸರಿಯಿಲ್ಲ, ಯಾರೂ ಮಾತಾಡಿಸಬೇಡಿ ಅಂತ ಹೇಳಿ, ಮೂಲೆಯಲ್ಲಿ ಕೂರಿಸಿ ತಾವೇ ಸಫೇದ ಬಳಿದರು. ಒಬ್ಬಿಬ್ಬರಿಗೆ ಅನುಮಾನ ಬಂದಿರಬಹುದು, ಯಾರೂ ಬಾಯಿ ಬಿಡಲಿಲ್ಲ. ಕಷ್ಟ ಬಂದದ್ದು ಗೆಜ್ಜೆಯ ಹತ್ತಿರ. ನಮ್ಮಲ್ಲಿ ತಾಲೀಮಿನ ಮೊದಲ ದಿನ ಗೆಜ್ಜೆಗಳನ್ನು ಅಕ್ಕಿಯ ತಟ್ಟೆಯಲ್ಲಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಅವನ್ನು ಹೆಣ್ಣು ಮುಟ್ಟುವ ಹಾಗಿಲ್ಲ. ಮೇಷ್ಟ್ರು ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ತಮ್ಮ ಟವೆಲನ್ನು ಇಬ್ಬರ ತಲೆಯ ಮೇಲೂ ಹೊದಿಸಿ, ತೊಟ್ಟಿಲ ಶಾಸ್ತ್ರದಲ್ಲಿ ಕೂಸಿಗೆ ಹೆಸರಿಡುವ ಹಾಗೆ, ನನ್ನ ಕಿವಿಯಲ್ಲಿ ಮೊಮ್ಮಗನ ಹೆಸರು ಹೇಳಿದರು. ಇವತ್ತು ನೀನು ಅವನೇ ಅಂದರು. ದೇವರಿಗೂ ಹೀಗೆ ಮಂಕುಬೂದಿ ಎರಚಿ ನನ್ನ ಕಾಲಿಗೆ ಗೆಜ್ಜೆ ಕಟ್ಟಿದರು.

ಬಾಲಕನ ಪಾತ್ರ ಮೊದಲಲ್ಲೇ ಬರುತ್ತದೆ. ದೀಪ ಹಚ್ಚುವ ಹೊತ್ತಿಗೆ ಅಟ್ಟ ಹತ್ತಿದೆ. ಭಯ ಆಗಲಿಲ್ಲ. ಎದುರಿಗೆ ಕೂತವರ ತಲೆಗಳು, ಟ್ಯೂಬ್‌ಲೈಟಿನ ಸುತ್ತ ಹುಳು, ಕಾಲಲ್ಲಿ ಗೆಜ್ಜೆಯ ಭಾರ... ಹಾಡಿದೆ. ಕೊನೆಯ ಪದ್ಯ ಏರಿ ನಿಂತಾಗ ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಒಮ್ಮೆಲೇ ಶಿಳ್ಳೆ, ಚಪ್ಪಾಳೆ. ಗೌನಿಪಲ್ಲಿಯಿಂದ ಬಂದಿದ್ದ ಹಿರಿಯರೊಬ್ಬರು ಅಟ್ಟ ಹತ್ತಿ ಹಾರ ಹಾಕಿದರು. ಮೇಷ್ಟ್ರು ಮೈಕಿನಲ್ಲಿ ಮೊಮ್ಮಗನ ಹೆಸರು ಕೂಗಿದರು. ಕೊರಳಲ್ಲಿ ಹಾರ ಹಾಕಿಕೊಂಡು ನಾನು ಇನ್ನೊಬ್ಬರ ಹೆಸರಿಗೆ ತಲೆ ಬಾಗಿಸಿದೆ. ಅವತ್ತು ನನಗೆ ಅದರಿಂದ ಬೇಸರವೇ ಆಗಲಿಲ್ಲ. ನಾಳೆಯಿಂದ ಕಲಿಯುತ್ತೇನಲ್ಲ ಅನ್ನುವ ಸಂತೋಷ ಅಷ್ಟಿತ್ತು.

ವಾರ ಕಳೆದು ಮತ್ತೆ ತಾಲೀಮು ಶುರುವಾದ ದಿನ ತಲೆ ಬಾಚಿಸಿಕೊಂಡು, ಮೆದೆಯ ಹತ್ತಿರ ಹೋಗದೆ, ನೇರವಾಗಿ ಹಾರ್ಮೋನಿಯಂ ಪಕ್ಕ ಹೋಗಿ ಕೂತೆ. ಮೇಷ್ಟ್ರು ನನ್ನ ರಟ್ಟೆ ಹಿಡಿದು ಕಣದ ಹಿಂದಕ್ಕೆ ಕರೆದುಕೊಂಡು ಹೋದರು. ದನಿ ತಗ್ಗಿಸಿ ಹೇಳಿದರು.

"ಅವತ್ತು ಆಡಿದ್ದು ಅವನು. ನೀನು ಮನೇಲಿ ಮಲಗಿದ್ದೆ. ತಿಳೀತಾ? ಹೊರಗೆ ಬಾಯಿ ಬಿಟ್ರೆ ನಾಳೆ ನಿನ್ನ ಯಾವನೂ ಮಾಡ್ಕೊಳಲ್ಲ."

ಏಳು ವರ್ಷದವಳಿಗೆ ಮದುವೆಯ ಹೆದರಿಕೆ. ನಾನು ಹೆದರಲಿಲ್ಲ, ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ. ಸುಳ್ಳಿ ಅಂತ ಹೆಸರಿಟ್ಟರು. ಅಜ್ಜಿ ಸೆರಗು ಬಿಗಿದು ಮೇಷ್ಟ್ರ ಮನೆ ಮುಂದೆ ಹೋಗಿ ನಿಂತಳು. ಅವರು ಜಗಲಿಯ ಮೇಲೆ ಕೂತು, ನಾಲ್ಕು ಜನರ ಎದುರಿಗೆ, ಮೊಮ್ಮಗಳಿಗೆ ಕನಸು ಬಿದ್ದಿರಬೇಕು ಬಿಡವ್ವಾ ಅಂದರು. ಅಜ್ಜಿ ಅಲ್ಲೇ ತೆಲುಗಿನಲ್ಲಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಳು.

"ಏರು ದಾಟೇದಾಕ ಓಡ ಮಲ್ಲಯ್ಯ, ದಾಟಿನಾಕ ಬೋಡಿ ಮಲ್ಲಯ್ಯ."

ಹೊಳೆ ದಾಟುವವರೆಗೆ ದೋಣಿಯ ಮಲ್ಲಯ್ಯ, ದಾಟಿದ ಮೇಲೆ ಬೋಳುತಲೆ ಮಲ್ಲಯ್ಯ. ನಮ್ಮ ಕಡೆ ಹೊಳೆಯೂ ಇಲ್ಲ, ದೋಣಿಯೂ ಇಲ್ಲ. ಇಂಥ ಮಲ್ಲಯ್ಯಗಳಿಗೆ ಮಾತ್ರ ಬರವಿಲ್ಲ.

ನಾನು ಹಾಡುವುದು ಬಿಟ್ಟೆ. ಯಾರೂ ಬಿಡಿಸಲಿಲ್ಲ ಅನ್ನಬಹುದು. ಸುಳ್ಳಿಯ ಹಾಡು ಯಾರಿಗೆ ಬೇಕು? ಪದ್ಯ ಬಾಯಿಗೆ ಬಂದರೆ ಹಲ್ಲು ಕಚ್ಚಿ ನುಂಗುತ್ತಿದ್ದೆ. ಮೊಮ್ಮಗನ ಪಾಡೂ ಚೆನ್ನಾಗಿರಲಿಲ್ಲ. ಮುಂದಿನ ವರ್ಷ ಅದೇ ಪಾತ್ರಕ್ಕೆ ಅವನನ್ನೇ ನಿಲ್ಲಿಸಿದರು. ಅವನ ದನಿ ಅರ್ಧಕ್ಕೇ ಮುರಿಯಿತು. ಹೋದ ವರ್ಷದ ಹಾಗೆ ಬರಲಿಲ್ಲವಲ್ಲ ಅಂತ ಜನ ಲೊಚಗುಟ್ಟಿದರು, ಮೇಷ್ಟ್ರು ಬೆತ್ತ ತೆಗೆದರು. ತಾನು ಹಾಡದೇ ಇದ್ದ ಹಾಡಿಗೆ ಸರಿಸಮವಾಗಿ ಹಾಡು ಅಂತ ಅವನಿಗೆ ಏಟು ಬೀಳುತ್ತಿತ್ತು. ಹಾಡು ಬೇಕಿದ್ದವಳಿಗೆ ಹಾಡು ಕೊಡಲಿಲ್ಲ, ಮಣ್ಣಿನ ಮುದ್ದೆ ಬೇಕಿದ್ದವನಿಗೆ ಮುದ್ದೆ ಕೊಡಲಿಲ್ಲ. ಕೊಡುವುದಕ್ಕೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು ಅಂತ ನಾನು ಇವತ್ತಿಗೂ ಯೋಚಿಸುತ್ತೇನೆ.

ಮೊಮ್ಮಗ ಈಗ ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನ ವ್ಯಾಪಾರ ಮಾಡುತ್ತಾನೆ. ಎದುರು ಸಿಕ್ಕರೆ ಅಕ್ಕ ಅಂತ ಮಾತಾಡಿಸುತ್ತಾನೆ. ಎರಡು ವರ್ಷದ ಹಿಂದೆ ಅವನೇ ಬಂದು, ತಾತ ಹಾಸಿಗೆ ಹಿಡಿದಿದ್ದಾರೆ, ಒಂದು ಸಲ ನೋಡಿ ಬಾ ಅಂದ. ನಾನು ಕರುಣೆಯಿಂದ ಹೋದೆ ಅಂತ ಯಾರೂ ತಿಳಿಯಬೇಡಿ. ಸಾಯುವ ಮೊದಲಾದರೂ ಆ ಬಾಯಿಂದ ನಿಜ ಹೊರಡಿಸಬೇಕು ಅಂತಲೇ ಹೋದದ್ದು.

ಜಗಲಿಯಲ್ಲಿ ಮಂಚದ ಮೇಲೆ ಮಲಗಿದ್ದರು. ಇಷ್ಟೇ ಇಷ್ಟು ಆಗಿದ್ದರು. ನಾನು ಯಾರ ಮೊಮ್ಮಗಳು ಅಂತ ಹೇಳಿದ ಮೇಲೆ ಗುರುತು ಹಿಡಿದು, ಅಜ್ಜಿಯನ್ನು ನೆನೆಸಿಕೊಂಡರು. ಕೇಳಿಕೆಯ ಮಾತು ನಾನು ಎತ್ತುವ ಮೊದಲೇ ಅವರೇ ಎತ್ತಿದರು.

"ಎಷ್ಟು ಜನಕ್ಕೆ ಕಲಿಸಿದ್ನೋ ಲೆಕ್ಕ ಇಲ್ಲ ತಾಯಿ. ಆವತ್ತು ನಮ್ಮ ಹುಡುಗ ಆಡಿದ್ನಲ್ಲ, ಅಂಥ ಕಂಠ ಇನ್ನೊಂದು ಸಿಕ್ಲಿಲ್ಲ. ಕೊನೇ ಪದ್ಯ ಮೇಲೆ ನಿಂತಾಗ ನಾನು ಹಾರ್ಮೋನಿಯಂ ನುಡಿಸೋದೇ ಮರೆತೆ."

ಅವರ ಕಣ್ಣಲ್ಲಿ ನೀರಿತ್ತು. ನಾನು ಬಗ್ಗಿ ಅವರ ಮುಖದ ಹತ್ತಿರವೇ ಹೇಳಿದೆ.

"ಅದು ನಾನು. ಹಾಡಿದ್ದು ನಾನು, ಮೇಷ್ಟ್ರೇ."

ಅವರು ಹಲ್ಲಿಲ್ಲದ ಬಾಯಲ್ಲಿ ನಕ್ಕರು. ನಮ್ಮ ಹುಡುಗಿ ಏನೋ ತಮಾಷೆ ಮಾಡುತ್ತಿದ್ದಾಳೆ ಅನ್ನುವ ಹಾಗೆ, ಪ್ರೀತಿಯಿಂದಲೇ ನಕ್ಕರು.

"ಹುಚ್ಚೀ, ಅದು ಗಂಡುಕಂಠ ಕಣಮ್ಮಾ. ಹೆಣ್ಮಕ್ಳಿಗೆ ಎಲ್ಲಿಂದ ಬರ್ತದೆ?"

ನಾನು ಅವರ ಕಣ್ಣನ್ನೇ ನೋಡಿದೆ. ಕಪಟ ಏನಾದರೂ ಇದೆಯಾ ಅಂತ ಹುಡುಕಿದೆ. ಇರಲಿಲ್ಲ. ಅವರು ಅವತ್ತು ಊರಿಗೆ ಹೇಳಿದ್ದ ಸುಳ್ಳನ್ನು ವರ್ಷಗಟ್ಟಲೆ ಹೇಳೀ ಹೇಳೀ ತಾವೇ ನಂಬಿಬಿಟ್ಟಿದ್ದರು. ಸುಳ್ಳು ಹೇಳುತ್ತಿದ್ದರೆ ಜಗಳವಾದರೂ ಆಡಬಹುದಿತ್ತು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ತಲೆ ತಗ್ಗಿಸಿ, ಕಾಫಿ ತರುತ್ತೇನೆ ಅಂತ ಒಳಗೆ ಹೋದ. ನಾನು ಕಾಫಿಗೆ ಕಾಯದೆ ಬಸ್ಸು ಹಿಡಿದೆ.

ಈ ವರ್ಷ ಅವರು ತೀರಿಕೊಂಡರು. ನಾನು ಮುಖ ನೋಡಲು ಹೋಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಲಾಸೇವೆ, ನಿಸ್ವಾರ್ಥ ಗುರು ಅಂತೆಲ್ಲ ಬರೆದ ಫ್ಲೆಕ್ಸ್ ಹಾಕಿದ್ದರು. ಅದರ ಕೆಳಗೇ ನಿಂತು ಬಸ್ಸಿಗೆ ಕಾಯಬೇಕಾಯಿತು. ಮೊನ್ನೆ ಮೊಮ್ಮಗ ಫೋನು ಮಾಡಿ, ಊರಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದೀವಿ, ನೀನು ಓದಿದವಳು, ಎರಡು ಮಾತಾಡಕ್ಕ ಅಂದ. ಬರುವುದಿಲ್ಲ ಅಂದೆ. ಅವನು ಬಲವಂತ ಮಾಡಲಿಲ್ಲ. ಫೋನಿಡುವ ಮುಂಚೆ, ಎಲ್ಲಾದರೂ ಹಾಡು ಕೇಳಿಸಿದರೆ ತಾನು ಈಗಲೂ ಎದ್ದು ಹೋಗುತ್ತೇನೆ ಅಂತ ಮಾತ್ರ ಹೇಳಿದ.

ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಆ ಪದ್ಯ ಎತ್ತಿ ನೋಡಿದೆ. ಒಂದು ಪದವೂ ಮರೆತಿಲ್ಲ. ದನಿ ಮಾತ್ರ ಅರ್ಧದಲ್ಲೇ ನಿಂತಿತು... ಸ್ವಲ್ಪ ಹೊತ್ತು ಅತ್ತೆ. ಅವರು ಸತ್ತರು ಅಂತ ಅತ್ತದ್ದಲ್ಲ. ಅಷ್ಟು ಜನ ಕೇಳಿದ ಆ ಹಾಡನ್ನು ಹಾಡಿದವಳಾದ ನಾನು ಎದುರಿಗೆ ಕೂತು ಕೇಳಿಲ್ಲ. ಅಜ್ಜಿ ಅದರ ಮಾತೆತ್ತಿದಾಗಲೆಲ್ಲ ಅಳುತ್ತಿದ್ದಳೇ ಹೊರತು ಏನೂ ಹೇಳುತ್ತಿರಲಿಲ್ಲ. ನನ್ನ ಹಾಡು ಹೇಗಿತ್ತು ಅಂತ ನನಗೆ ಬಾಯಿ ಬಿಟ್ಟು ಹೇಳಿದವರು ಮೇಷ್ಟ್ರೊಬ್ಬರೇ. ಅದೂ ಇನ್ನೊಬ್ಬನ ಹಾಡು ಅಂತ ಹೇಳಿದರು.