ತೊಟ್ಟಿಯ ಅಡಿಯ ಬೂದು ಕೆಸರು

ಅಂಗಡಿಯ ಬಾಗಿಲೆಳೆಯುವ ಮೊದಲು ಅವನು ಮೂರು ಸಲ ಕೈ ತೊಳೆಯುತ್ತಿದ್ದ. ಮೊಣಕೈವರೆಗೆ ಸೋಪು, ಉಗುರಿನ ಸಂದಿಗೆ ಸವೆದ ಬ್ರಷ್ಷು. ಇಪ್ಪತ್ತೆರಡು ವರ್ಷ ವಾಹನಗಳ ಬ್ಯಾಟರಿ ಬಿಚ್ಚಿ ಕಟ್ಟಿದವನಿಗೆ ಸೀಸ ಎಂಥ ವಿಷವೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕನ ಮಕ್ಕಳು "ಬ್ಯಾಟರಿ ಮಾಮ" ಎಂದು ಓಡಿಬಂದರೆ, ಅಂಗೈ ಒಮ್ಮೆ ನೋಡಿಕೊಂಡೇ ಎತ್ತಿಕೊಳ್ಳುತ್ತಿದ್ದ.

ಅಂಥವನೇ, ಅಕ್ಕ ಹಿತ್ತಲಲ್ಲಿ ಕೋಳಿ ಸಾಕತೊಡಗಿದಾಗ, ಹಳೆಯ ಬ್ಯಾಟರಿಯ ಡಬ್ಬಿಯೊಂದನ್ನು ಉದ್ದಕ್ಕೆ ಸೀಳಿ ನೀರಿನ ತೊಟ್ಟಿ ಮಾಡಿಕೊಟ್ಟ. ಗಟ್ಟಿ ಪ್ಲಾಸ್ಟಿಕ್ಕು, ಕೋಳಿ ಹತ್ತಿದರೂ ಮಗುಚುವುದಿಲ್ಲ. ತೊಳೆದದ್ದು ಒಂದೇ ಸಲ. ಅಡಿಯಲ್ಲಿ ಅಂಟಿದ್ದ ಬೂದು ಕೆಸರನ್ನು ಹಳೆಯ ಕಲೆ ಎಂದುಕೊಂಡ. ಅವತ್ತು ಹಾಗೆಂದುಕೊಳ್ಳುವುದು ಸುಲಭವಾಗಿತ್ತು; ಹೊಟ್ಟೆ ಹಸಿದಿತ್ತು.

ಕೆಲವು ತಿಂಗಳಲ್ಲಿ ಮೊಟ್ಟೆಯ ಚಿಪ್ಪು ತೆಳುವಾಯಿತು. ಕಾವಿಗಿಟ್ಟ ಹನ್ನೆರಡರಲ್ಲಿ ಮರಿಯಾದದ್ದು ಒಂದು. ಅಕ್ಕ ಹುಂಜದ ಮೇಲೆ ಹರಿಹಾಯ್ದಳು.

"ಇವನಿಗೆ ಮ್ಯಾನೇಜರ್ ಅಂತ ಹೆಸರಿಟ್ಟಿದ್ದು ಸರಿಯಾಗೇ ಇದೆ. ಕೂಗೋದೊಂದು ಬಿಟ್ರೆ ಬೇರೆ ಕೆಲಸ ಇಲ್ಲ."

ಅವನೂ ನಕ್ಕಿದ್ದ. ಆ ನಗು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಪಶುವೈದ್ಯೆ ಕೋಳಿಗಳ ರಕ್ತ ಪರೀಕ್ಷೆಗೆ ಕಳಿಸಿ, ವರದಿ ಹಿಡಿದು ಬಂದ ದಿನ ಅವನೂ ಹಿತ್ತಲಲ್ಲೇ ಇದ್ದ. ಆಕೆ ತೊಟ್ಟಿಯ ಅಡಿಗೆ ಬೆರಳು ಎಳೆದು, ಬೂದು ಬಣ್ಣ ನೋಡಿದರು. ರಕ್ತದಲ್ಲಿ ಸೀಸ ಸಿಕ್ಕಿದೆ, ಅದು ಒಳಗೆ ಹೋದರೆ ಹುಂಜದ ವೀರ್ಯ ಕೆಡುತ್ತದೆ, ಕೋಳಿಯ ಮೊಟ್ಟೆ ಸೊರಗುತ್ತದೆ ಎಂದು ತಾಳ್ಮೆಯಿಂದ ತಿಳಿಸಿದರು. ಹಾಗಾದರೆ ಮದ್ದಿಲ್ಲವೇ ಎಂದು ಅಕ್ಕ ಕೇಳಿದಳು.

"ಮೇವಿಗೆ ವಿಟಮಿನ್ ಸಿ, ಇ ಬೆರೆಸಿ ಕೊಡಿ, ಸ್ವಲ್ಪ ಕಾಪಾಡುತ್ತೆ. ಆದ್ರೆ ಈ ತೊಟ್ಟಿ ಇಲ್ಲೇ ಇದ್ರೆ ಎಷ್ಟು ಕೊಟ್ರೂ ಅಷ್ಟೇ. ಮೊಟ್ಟೆ ಯಾರೂ ತಿನ್ನಬೇಡಿ. ತಿಂದ ಮಕ್ಕಳ ರಕ್ತಾನೂ ಒಂದ್ಸಲ ನೋಡಿಸಿ."

ಅಕ್ಕ ತಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ಅವನಿಗೆ ಹಗುರವಾಗುತ್ತಿತ್ತು. ವೈದ್ಯೆ ಹೋದ ಮೇಲೆ ಅವನು ತೊಟ್ಟಿಯನ್ನು ಚೀಲದಲ್ಲಿ ಕಟ್ಟಿ, ಕೈ ತೊಳೆಯಲು ನಲ್ಲಿ ತಿರುಗಿಸಿದ. ಮೂರು ಸಲ ತೊಳೆದ. ಇನ್ನೂ ತೊಳೆಯುತ್ತಲೇ ಇದ್ದ. ಈ ಕೈಯನ್ನು ದೇವರೆದುರು ಹೇಗೆ ಜೋಡಿಸುವುದೋ ತಿಳಿಯಲಿಲ್ಲ.

ಅಕ್ಕ ಬಂದು ನಲ್ಲಿ ನಿಲ್ಲಿಸಿದಳು.

"ಸಾಕು, ಚರ್ಮ ಸುಲಿದು ಹೋಗುತ್ತೆ. ಮಕ್ಕಳನ್ನ ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋಣ. ಮೊಟ್ಟೆ ಕೊಳ್ಳೋ ಮೂರು ಮನೆಗೆ ನಾನು ಹೇಳ್ತೀನಿ, ಮೇವಲ್ಲಿ ಏನೋ ದೋಷ ಇತ್ತು ಅಂತ. ನಿನ್ನ ಹೆಸರು ಯಾಕೆ ತರಬೇಕು? ನಾಳೆ ಅಂಗಡಿಗೆ ಜನ ಬರಬೇಡ್ವಾ?"

"ಬೇಡ ಅಕ್ಕ. ಟೈಲರ್ ಮನೇಲಿ ಸೊಸೆ ಬಸುರಿ. ಮೇವು ಅಂದ್ರೆ ಸುಮ್ಮನಾಗ್ತಾರೆ. ಸೀಸ ಅಂದ್ರೆ ಡಾಕ್ಟರ ಹತ್ರ ಓಡ್ತಾರೆ."

"ನಾನೂ ಜೊತೆಗೆ ಬರ್ತೀನಿ, ಇರು."

ಅದನ್ನೂ ಅವನು ಬೇಡವೆಂದ. ಒದ್ದೆ ಕೈಯಲ್ಲೇ ಚೀಲ ಎತ್ತಿಕೊಂಡು ಟೈಲರ್ ಮನೆಯ ಕಡೆ ನಡೆದ.