ಡೊಂಬಿವಲಿಯ ಅಗಲ ದೋಸೆ

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಪುಟ್ಟ ಉಡುಪಿ ಹೋಟೆಲಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ತಿಂಡಿಗೆಂದು ಒಳಗೆ ಬಂದಾಗ ಇಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಮಾರಾಟ ತೆರಿಗೆ ಸೇರಿಸಿ ಇವತ್ತಿನಿಂದ ಮಸಾಲೆದೋಸೆಯ ಬೆಲೆ ಏರಿಸಿದ್ದರು.

ಗೋಡೌನಿನಲ್ಲಿ ಮೂಟೆ ಹೊರುವ ಗುಲಬರ್ಗಾದ ಶರಣಪ್ಪ ಗಲ್ಲಾದ ಮುಂದೆ ನಿಂತಿದ್ದ. "ಏನ್ರೀ ಶೇಠ್‌ಜಿ, ಸರ್ಕಾರ ಟ್ಯಾಕ್ಸ್ ಹಾಕಿದ್ದು ನಿಮಗ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?"

"ನಾನೆಂತ ಮಾಡುವುದು ಮಾರಾಯ?" ಎಂದರು ಮಾಲೀಕ ವಾಸಣ್ಣ. "ಕೈಯಿಂದ ಕಟ್ಟಿದರೆ ಹೋಟೆಲ್ ಮುಚ್ಚಬೇಕು. ನೀವೆಲ್ಲ ಬಾರದಿದ್ದರೂ ಮುಚ್ಚಬೇಕು." ಕೊನೆಯ ಮಾತಿಗೆ ಅವರ ದನಿ ತಗ್ಗಿತು.

ನನಗೆ ಇಬ್ಬರದೂ ಸರಿಯೆನಿಸಿತು. ಶರಣಪ್ಪ ಜೊತೆಗಾರರತ್ತ ತಿರುಗಿದ. "ಹಂಗಾದ್ರ ಇವತ್ತಿನಿಂದ ಇಬ್ಬರಿಗೆ ಒಂದ ದ್ವಾಸಿ. ಹಿಸಾಬ್ ಬರೋಬರ್!"

ವಾಸಣ್ಣ ಸರಕ್ಕನೆ ಗಲ್ಲಾ ಬಿಟ್ಟೆದ್ದು ಅಡುಗೆಮನೆಗೆ ಹೋದರು. ಸಿಟ್ಟು ಬಂತೆಂದೇ ಎಲ್ಲರೂ ತಿಳಿದೆವು. ಸ್ವಲ್ಪ ಹೊತ್ತಿಗೆ ಅವರೇ ದೋಸೆ ಹಿಡಿದು ಬಂದರು. ಕಾವಲಿಯ ಅಂಚಿನವರೆಗೂ ಹಿಟ್ಟು ಎಳೆದಿದ್ದರು. ದೋಸೆ ತಟ್ಟೆಯ ಎರಡೂ ಬದಿಗೆ ಗೇಣು ಗೇಣು ಚಾಚಿಕೊಂಡಿತ್ತು.

"ಟ್ಯಾಕ್ಸು ದೋಸೆಗೆ ಅಲ್ವಾ? ಅಗಲಕ್ಕೆ ಹಾಕಿಲ್ಲವಲ್ಲ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಶರಣಪ್ಪ ಮೊದಲ ತುಂಡನ್ನು ಮುರಿದು ವಾಸಣ್ಣನ ಬಾಯಿಗೇ ತುರುಕಿದ. ಮರುಕ್ಷಣದಲ್ಲಿ ಎಲ್ಲ ಮೇಜುಗಳಿಂದಲೂ ಅದೇ ದೋಸೆಗೆ ಕೂಗು ಎದ್ದಿತು. ಒಬ್ಬರೇ ಬಂದವರು ಪಾಲುದಾರರನ್ನು ಹುಡುಕತೊಡಗಿದರು.

ನನ್ನೆದುರು ಕುಳಿತ ಮರಾಠಿ ಅಜ್ಜಿ ನನ್ನತ್ತ ಬಾಗಿ ಕೇಳಿದರು: "ಅರ್ಧಾ-ಅರ್ಧಾ ಘೇವೂಯಾ ಕಾ?"

ಅರ್ಧರ್ಧ ಹಂಚಿಕೊಳ್ಳಲು ಒಪ್ಪಿ ತಲೆಯಾಡಿಸಿದೆ. ಅವರು ನಕ್ಕು ಸೆರಗು ಸಿಕ್ಕಿಸಿಕೊಂಡರು. ಇದೋ, ನಮ್ಮ ದೋಸೆಯೂ ಬಂತು. ಮೇಜಿನ ಮೇಲೆ ಇನ್ನು ಈ ಕಾಗದಕ್ಕೆ ಜಾಗವಿಲ್ಲ.